ಸುಗುಣಾಳ ರಾಯಭಾರಿ

ಹೊನ್ನಯ್ಯ ವಿಶ್ವವಿದ್ಯಾಲಯದ ಅಂತಾರಾಷ್ಟ್ರೀಯ ಸಂಬಂಧಗಳ ವಿಭಾಗದಲ್ಲಿ ಅಟೆಂಡರ್. ಇಪ್ಪತ್ತು ವರ್ಷ ತರಗತಿಯ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತಿದ್ದರಿಂದ ಪಾಠವೆಲ್ಲ ಅವನ ಕಿವಿಗೂ ಬಿದ್ದಿತ್ತು.

ಆ ವರ್ಷ ವಿದ್ಯಾರ್ಥಿ ಸಂಘದ ಪದಕಕ್ಕೆ ಅದೇ ವಿಭಾಗದ ವಿದ್ಯಾರ್ಥಿನಿ ಸುಗುಣಾಳ ಹೆಸರು ಆಯ್ಕೆಯಾಗಿತ್ತು. ಸಂಘ ಕಟ್ಟಿದವಳೇ ಅವಳು. ವಿದ್ಯಾರ್ಥಿಗಳೇ ಒಂದೊಂದು ದೇಶದ ಪ್ರತಿನಿಧಿಗಳಾಗಿ ವಾದಿಸುವ ಅಣಕು ವಿಶ್ವಸಂಸ್ಥೆ ನಡೆದಾಗ ಯಾರಿಗೂ ಬೇಡವಾದ ಪುಟ್ಟ ದೇಶಗಳ ಪರವಾಗಿ ಎದ್ದು ಮಾತಾಡುತ್ತಿದ್ದಳು. ಸಮಾರಂಭಕ್ಕೆ ಹದಿನೈದು ದಿನ ಇದ್ದಾಗ ಡೆಂಗಿ ಜ್ವರ ಬಂದು ತೀರಿಕೊಂಡಳು.

ವಿಭಾಗದ ಮುಖ್ಯಸ್ಥ ದಿವಾಕರಯ್ಯನವರು ನಿಯಮದ ಪುಸ್ತಕ ತೆಗೆದರು. "ಪದಕ ಪಡೆಯುವವರು ಖುದ್ದಾಗಿ ಬರಬೇಕು. ಇಲ್ಲದಿದ್ದರೆ ಅದು ಎರಡನೆಯವರಿಗೆ. ಹೊನ್ನಯ್ಯ, ಪೆಟ್ಟಿಗೆ ಮೇಲಿನ ಹೆಸರು ಬದಲಾಯಿಸು."

ಹೊನ್ನಯ್ಯ ಹೆಸರು ಬದಲಾಯಿಸಲಿಲ್ಲ. ಸುಗುಣಾಳ ಊರಿನ ಬಸ್ಸು ಹತ್ತಿದ.

ಸಮಾರಂಭದಲ್ಲಿ ಎರಡನೆಯವನ ಹೆಸರು ಕೂಗುವ ಮೊದಲೇ ಅವನು ಸುಗುಣಾಳ ತಾಯಿ ನಂಜಮ್ಮನನ್ನು ವೇದಿಕೆ ಹತ್ತಿಸಿದ.

"ಏನಯ್ಯಾ ಇದು? ಯಾರಿವರು?" ಎಂದು ದಿವಾಕರಯ್ಯ ಗದರಿದರು.

"ಸುಗುಣಮ್ಮನ ರಾಯಭಾರಿ ಸಾರ್. ದೊರೆ ತಾನು ಬರಲಾಗದ ಕಡೆಗೆ ರಾಯಭಾರಿಯನ್ನ ಕಳಿಸಿದರೆ ದೊರೆಯೇ ಬಂದ ಹಾಗೆ ಅಂತ ವರ್ಷಾ ವರ್ಷಾ ನೀವೇ ಪಾಠ ಮಾಡ್ತೀರಿ. ಅದು ತಪ್ಪು ಅಂತ ಹೇಳಿಬಿಡಿ, ಕರ್ಕೊಂಡು ಇಳೀತೀನಿ."

ಸಭೆಯಲ್ಲಿದ್ದ ಹುಡುಗರೆಲ್ಲ ಅವರ ಶಿಷ್ಯರೇ. ಒಬ್ಬೊಬ್ಬರಾಗಿ ಎದ್ದು ನಿಂತರು. ದಿವಾಕರಯ್ಯ ಕನ್ನಡಕ ತೆಗೆದು ಒರೆಸಿದರು. ಮತ್ತೆ ಒರೆಸಿದರು. "ತಪ್ಪಲ್ಲ," ಅಂದು ತಾವೇ ಪದಕವನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟರು.

ನಂಜಮ್ಮ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಇಳಿದು ಬಂದಳು. "ಅಣ್ಣಾ, ನನ್ನ ಕಳಿಸಿದೋಳಿಗೆ ಇದನ್ನ ಎಲ್ಲಿಗೆ ತಗೊಂಡೋಗಿ ಕೊಡ್ಲಿ?" ಎಂದು ಕೇಳಿದಳು.

ಹೊನ್ನಯ್ಯ ಮುಖಕ್ಕೆ ಟವೆಲ್ ಒತ್ತಿಕೊಂಡು ಮೆಟ್ಟಿಲ ಮೇಲೆ ಕೂತುಬಿಟ್ಟ.