ಉಡಪ್ಪನ ಮಹಡಿಮನೆಯ ಮೊಟ್ಟೆ

ಮಕ್ಕಳೇ, ತಿಪ್ಪೆ ಎಂದರೆ ಸಾಕು, ನೀವು ಮೂಗು ಮುಚ್ಚಿಕೊಳ್ಳುತ್ತೀರಿ. ಆದರೆ ಕೋಳಿಗಳನ್ನು ಕೇಳಿ ನೋಡಿ, ಅವಕ್ಕೆ ಅದೇ ಅಡುಗೆಮನೆ!

ಕಾಡಂಚಿನ ಕುಂಟೆಯ ಪಕ್ಕದಲ್ಲಿ ಅಂಥದ್ದೊಂದು ತಿಪ್ಪೆಯಿತ್ತು. ಕೆಂಚಿ ಎಂಬ ಹೇಂಟೆ ಅಲ್ಲಿ ಅವ್ವನ ಜೊತೆ ಬಾಳುತ್ತಿದ್ದಳು. ಮೊಟ್ಟೆಯನ್ನೇನೋ ಚೆನ್ನಾಗಿಯೇ ಇಡುತ್ತಿದ್ದಳು. ಒಳಗಿನ ಹಳದಿ ಮಾಗಿದ ಮಾವಿನಹಣ್ಣಿನ ಬಣ್ಣ. ಆದರೆ ಶುದ್ಧ ಮೈಗಳ್ಳಿ.

"ಬೆಳಗಾದರೆ ಕೆದಕು, ಸಂಜೆವರೆಗೂ ಕೆದಕು. ಕಾಲೇ ಬಿದ್ದುಹೋಗುತ್ತೆ ಅವ್ವಾ!" ಎಂದು ಗೊಣಗುವಳು.

"ಕೆದಕದೆ ಉಂಡ ಕೋಳಿ ಎಲ್ಲುಂಟೇ?" ಎನ್ನುವಳು ಅವ್ವ.

ಪೊದೆಯಲ್ಲಿದ್ದ ಉಡಪ್ಪ ಇದನ್ನು ಕೇಳಿಸಿಕೊಂಡ. ಮೊಟ್ಟೆ ಎಂದರೆ ಪ್ರಾಣ ಬಿಡುವ ಉಡ ಅವನು. "ನನ್ನ ಮಹಡಿಮನೆಗೆ ಬಾರಮ್ಮ. ಬಿದಿರಿನ ಗೂಡು, ಕೊಕ್ಕಿನ ಮುಂದೆಯೇ ಕಾಳು. ಹದ್ದಿನ ಕಾಟವಿಲ್ಲ, ಕೆಸರಿಲ್ಲ. ಬಾಡಿಗೆ ಅಂತ ಮೊಟ್ಟೆ ಕೊಟ್ಟರಾಯಿತು" ಎಂದ.

ಅವ್ವ ಬೇಡ ಬೇಡ ಎಂದರೂ ಕೇಳದೆ ಕೆಂಚಿ ಹೊರಟೇಬಿಟ್ಟಳು.

ಉಡಪ್ಪ ಹೇಳಿದ್ದು ನಿಜವೇ, ಸುಳ್ಳಾಡಬಾರದು. ಕಾಳು ತಪ್ಪದೆ ಬಂತು. ಮೊಟ್ಟೆಗೆ ಚೂರೂ ಕೊಳೆ ಅಂಟಲಿಲ್ಲ. ಆದರೆ ರೆಕ್ಕೆ ಬಿಚ್ಚಲು ಜಾಗವಿಲ್ಲ. ಇಟ್ಟ ಮೊಟ್ಟೆ ಇಳಿಜಾರಿನಲ್ಲಿ ಉರುಳಿ ಸೀದಾ ಉಡಪ್ಪನ ಬಾಯಿಗೆ. ಒಮ್ಮೆ ತಿರುಗಿ ನೋಡುವುದಕ್ಕೂ ಅವಳಿಗೆ ಸಿಗುತ್ತಿರಲಿಲ್ಲ.

ತಿಪ್ಪೆಯ ಮೇಲೆ ಮಲಗಿ ಉಪ್ಪರಿಗೆಯ ಕನಸು ಕಂಡವರ ಗಾದೆ ಕೇಳಿದ್ದೀರಲ್ಲ? ನಮ್ಮ ಕೆಂಚಿ ಉಪ್ಪರಿಗೆಯಲ್ಲಿ ಕೂತು ತಿಪ್ಪೆಯ ಕನಸು ಕಂಡಳು! ಮಳೆ ನಿಂತ ಮೇಲೆ ಗೊಬ್ಬರದಿಂದ ಏಳುವ ಹಬೆ, ಎಳೆ ಗರಿಕೆಯ ಚಿಗುರು, ಬಿಸಿಲಲ್ಲಿ ಹೊರಳಾಡಿದ ಮಣ್ಣು, ಹುಳು ಸಿಕ್ಕಾಗ ಕರೆಯುತ್ತಿದ್ದ ಅವ್ವನ ದನಿ... ಅಯ್ಯೋ, ಎಷ್ಟು ಚೆನ್ನಾಗಿತ್ತು! ನೆನೆದು ನೆನೆದು ಅವಳಿಗೆ ಕಾಳೇ ಸೇರದಾಯಿತು.

ಒಂದು ದಿನ ಉಡಪ್ಪ ಮೊಟ್ಟೆ ಒಡೆದವನೇ ಸಿಡುಕಿದ. "ಥೂ! ಓಡು ಹಪ್ಪಳಕ್ಕಿಂತ ತೆಳು. ಹಳದಿ ಬಿಳಿಚಿಕೊಂಡಿದೆ. ಮೊದಲಿನ ರುಚಿ ಎಲ್ಲೇ ಹೋಯಿತು? ಇನ್ನೊಂದು ಇಂಥದ್ದು ಇಟ್ಟರೆ ನಿನ್ನನ್ನೇ ನುಂಗುತ್ತೇನೆ!"

ಕೆಂಚಿ ಗೂಡಿನ ಮೂಲೆಗೆ ಒತ್ತಿಕೊಂಡಳು. ಆದರೂ ಧೈರ್ಯ ಮಾಡಿ, "ಉಡಪ್ಪಣ್ಣ, ಆ ಬಣ್ಣ ಬರುವುದು ಹಸಿರು ಸೊಪ್ಪಿನಿಂದ, ಹುಳುಹುಪ್ಪಟೆಯಿಂದ. ಓಡು ಗಟ್ಟಿಯಾಗಬೇಕಾದರೆ ಬಿಸಿಲು ಕಾಯಬೇಕು, ಬಸವನಹುಳುವಿನ ಚಿಪ್ಪು ತಿನ್ನಬೇಕು. ಒಂದು ಗಳಿಗೆ ತಿಪ್ಪೆಗೆ ಬಿಡಣ್ಣ" ಎಂದಳು.

ಉಡಪ್ಪನ ಬಾಯಲ್ಲಿ ನೀರೂರಿತು. "ಆಗಲಿ. ಆದರೆ ನಿನ್ನ ಬಾಲ ಕಚ್ಚಿಕೊಂಡೇ ಬರುತ್ತೇನೆ. ನನ್ನದು ಉಡದ ಪಟ್ಟು, ತಿಳೀತಾ?"

ತಿಪ್ಪೆ ಕಂಡದ್ದೇ ಕೆಂಚಿಗೆ ಅಳು ಬಂತು. ಕಾಲೂರಿ, ಇದ್ದಬದ್ದ ಬಲವೆಲ್ಲ ಹಾಕಿ ಕೆದಕಿದಳು ನೋಡಿ! ಗೊಬ್ಬರವೆಲ್ಲ ಹಿಂದಿದ್ದ ಉಡಪ್ಪನ ಕಣ್ಣಿಗೆ! ಅವನು ಕಣ್ಣು ಮುಚ್ಚಿದ್ದೇ ತಡ, ಕೆಂಚಿ ಬೇಲಿಯ ಮೇಲಕ್ಕೆ ಜಿಗಿದಳು. ಉಡಪ್ಪ ಪಟ್ಟು ಬಿಡಲಿಲ್ಲ, ಬಿಡುವವನೂ ಅಲ್ಲ. ಬಾಲದ ಪುಕ್ಕಗಳಷ್ಟೇ ಅವನ ಬಾಯಲ್ಲಿ ಉಳಿದವು. ಏನೂ ಕಾಣದೆ ತಡವರಿಸುತ್ತ ಪೊದೆಗೆ ನುಸುಳಿದ.

ಏದುಸಿರು ಬಿಡುತ್ತಿದ್ದ ಮಗಳನ್ನು ಕಂಡು ಅವ್ವ ಓಡಿಬಂದಳು. "ಬಾಲ ಎಲ್ಲೇ?"

"ಕೊನೇ ಬಾಡಿಗೆ ಅಂತ ಕೊಟ್ಟು ಬಂದೆ, ಅವ್ವಾ."

ಅವ್ವ ನಗಲಿಲ್ಲ, ಬೈಯಲೂ ಇಲ್ಲ. ತಾನು ಹಿಡಿದಿದ್ದ ಎರೆಹುಳುವನ್ನು ಮಗಳ ಮುಂದಿಟ್ಟಳು. "ಮೊದಲು ತಿನ್ನು. ಆಮೇಲೆ ಇಬ್ಬರೂ ಸೇರಿ ಕೆದಕೋಣ" ಎಂದಳು.

ನೀತಿ: ಕೂತಲ್ಲಿಗೇ ಬರುವ ಕಾಳಿಗಿಂತ ಕೆದಕಿ ತಿಂದ ಕಾಳೇ ಮೈಗೆ ಹತ್ತುತ್ತದೆ.