ಹೆರೆಕಡವಿನ ಗಂಟಿನಮ್ಮ

ಗೋಮಾಂತಕದ ದಕ್ಷಿಣ ಸೀಮೆಯಲ್ಲಿ ಫರಂಗಿಯವರ ರಾಜ್ಯಭಾರವು ಬೇರೂರಿ, ಸರ್ವರೂ ಅರಸನ ಮತವನ್ನೇ ಅವಲಂಬಿಸತಕ್ಕದ್ದೆಂದೂ ದೇವಾಲಯಗಳನ್ನು ನೆಲಸಮಗೊಳಿಸತಕ್ಕದ್ದೆಂದೂ ಆಜ್ಞೆ ಹೊರಟ ದುಷ್ಕಾಲದಲ್ಲಿ, ಆಂಬೇರೆಯೆಂಬ ಗ್ರಾಮದ ಆಂಬೇರೇಶ್ವರಿಯ ಸನ್ನಿಧಿಯಲ್ಲಿ ಪೂಜಾಪಾತ್ರೆಗಳನ್ನು ತೊಳೆಯುವ ಸೇವೆ ಮಾಡಿಕೊಂಡು ರುಕ್ಮಾಯಿಯೆಂಬ ವಿಧವೆ ಇದ್ದಳು. ಗುಡಿ ಕೆಡಹುವ ದಿನ ಗೊತ್ತಾದಾಗ, ಹೊಲಮನೆಗಳನ್ನು ಬಿಡಲಾರದ ಅರ್ಧ ಊರು ಅರಸನ ಮತದ ಜ್ಞಾನಸ್ನಾನ ಪಡೆಯಿತು. ಉಳಿದರ್ಧ ವಲಸೆಗೆ ಸಿದ್ಧವಾಯಿತು. ಅರ್ಚಕ ವಾಮನಭಟ್ಟರು ಕೆಂಪು ಪಟ್ಟೆವಸ್ತ್ರದಲ್ಲಿ ಬಿಗಿದ ಭಾರದ ಗಂಟೊಂದನ್ನು ರುಕ್ಮಾಯಿಯ ಬುಟ್ಟಿಯಲ್ಲಿಟ್ಟು, ಇವಳೇ ತಾಯಿ, ತೆಂಕಣಕ್ಕೆ ನಡೆ, ನಾವು ಬಂದು ಸೇರುವವರೆಗೆ ಬಿಚ್ಚಬೇಡವೆಂದು ಹೇಳಿ ಕಳುಹಿಸಿದರು.

ಹೊಳೆ ದಾಟಿಸಿದವನು ಆ ವಾರವಷ್ಟೇ ಪೇದ್ರು ಎಂದು ಹೊಸ ಹೆಸರು ಪಡೆದಿದ್ದ ಅಂಬಿಗ. "ಅತ್ತೆಯನ್ನು ಗಂಟು ಕಟ್ಟಿಕೊಂಡು ಹೊರಟೆಯೇನಕ್ಕಾ? ದೋಣಿ ಒಂದೇ ಮಗ್ಗುಲಿಗೆ ವಾಲುತ್ತಿದೆ" ಎಂದು ನಗಿಸಿದವನು, ಆಚೆ ದಡದಲ್ಲಿ ಅತ್ತಿತ್ತ ನೋಡಿ, ಒದ್ದೆ ಕೈಯಲ್ಲಿ ಬುಟ್ಟಿಯನ್ನು ಮುಟ್ಟಿ ಹಣೆಗೆ ಒತ್ತಿಕೊಂಡನು. ಅಷ್ಟರಲ್ಲಿ ಪಹರೆಯವರು ಬೆನ್ನು ಹತ್ತಲು, ಅವಳು ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾವನದ ಕೆಸರಿನಲ್ಲಿ ಎರಡು ದಿನ ಅಡಗಿದ್ದು, ಬಳಿಕ ನಡೆದು ನಡೆದು ಹೆರೆಕಡವಿನ ಅಳಿವೆಯ ಈ ಏಕಶಿಲೆಯ ಮೇಲೆ ಗಂಟನ್ನಿಳಿಸಿದಳು.

ಅಲ್ಲಿಯ, ಸುಣ್ಣಕ್ಕಾಗಿ ಚಿಪ್ಪು ಸುಡುವ ಜನ ಅವಳಿಗೆ ಗುಡಿಸಲು ಹಾಕಿಕೊಟ್ಟರು, ಅಕ್ಕಿ ಕೊಟ್ಟರು. ಆದರೆ ಅವಳ ಊರಿನ ಮಾತನ್ನಾಡುವವರು ಅವರಲ್ಲಿ ಒಬ್ಬರೂ ಇರಲಿಲ್ಲ. ಹೀಗಾಗಿ ಹದಿನೇಳು ಮಳೆಗಾಲ, ಬೇಯದ ಕಾಳಿನ ಸುದ್ದಿ, ಮೊಣಕಾಲಿನ ನೋವು, ಉತ್ತರದ ದಾರಿಯಲ್ಲಿ ಇಂದೂ ಯಾರೂ ಬರಲಿಲ್ಲವೆಂಬುದು, ಎಲ್ಲವನ್ನೂ ಅವಳು ಆ ಗಂಟಿಗೇ ಹೇಳಿದಳು.

ಹದಿನೆಂಟನೆಯ ವರ್ಷ ವಾಮನಭಟ್ಟರು ಬಂದರು. ಅವಳು ಅವರ ಕಾಲು ಹಿಡಿದಳು. ಘಟ್ಟದ ಬುಡದಲ್ಲಿ ನಮ್ಮವರ ಮೂವತ್ತು ಮನೆಗಳಾಗಿವೆ, ಗುಡಿಯೂ ಎದ್ದಿದೆ, ನಿನಗೊಂದು ಕೋಣೆ ಇಟ್ಟಿದ್ದೇವೆ, ಇಂದೇ ಹೊರಡು ಎಂದರು ಅವರು. ಅವಳು ಗಂಟಿನತ್ತ ತಿರುಗಿದಾಗ ಮಾತ್ರ ಅವರ ದನಿ ಕುಗ್ಗಿತು.

"ಅದನ್ನು ಬಿಟ್ಟು ಬಾ, ತಂಗೀ. ತಾಯಿ ಇದ್ದದ್ದು ನನ್ನ ಗಂಟಿನಲ್ಲಿ. ನಿನ್ನದರಲ್ಲಿರುವುದು ಗಂಧ ತೇಯುವ ಕಲ್ಲು. ಪಹರೆಯವರು ನಿನ್ನ ಬೆನ್ನು ಹತ್ತಿದ್ದರಿಂದ ನಾವು ಪಾರಾದೆವು. ಗೊತ್ತಿದ್ದರೆ ನಿನ್ನ ಕಾಲು ಹಾಗೆ ಓಡುತ್ತಿತ್ತೇ?"

ಆ ಕಲ್ಲು ಗುಡಿಯಲ್ಲಿ ರುಕ್ಮಾಯಿ ದಿನವೂ ತನ್ನ ಕೈಯಾರೆ ತೊಳೆಯುತ್ತಿದ್ದುದೇ. ಇಷ್ಟು ವರ್ಷ ತಾನು ಒಬ್ಬಳೇ ಇದ್ದೆನೆಂಬುದು ಅವಳಿಗೆ ಆಗ ತಿಳಿಯಿತು. ಜನರ ನಡುವೆ ಸಾಯುವ ಆಸೆ ಅವಳನ್ನು ಎಬ್ಬಿಸಿತು. ಕಲ್ಲನ್ನು ನೀರಿಗೆ ಬಿಟ್ಟು ಹೊರಡುವೆನೆಂದು ಗಂಟಿಗೆ ಕೈಹಾಕಿದಳು. ಅದು ಅಲುಗಲಿಲ್ಲ. ಭಟ್ಟರು ಕೈಜೋಡಿಸಿದರು, ಅಲುಗಲಿಲ್ಲ. ಶಿಲೆಗೂ ಗಂಟಿಗೂ ನಡುವೆ ದರ್ಭೆಯ ಎಸಳು ತೂರುವಷ್ಟೂ ಸಂದಿರಲಿಲ್ಲ. ಆಗ ಅವಳ ಊರಿನ ಮಾತಿನಲ್ಲೇ, ಪಕ್ಕದಲ್ಲಿ ಕುಳಿತವರಾಡುವಷ್ಟು ಮೆಲ್ಲನೆ, ಅಶರೀರವಾಣಿಯಾಯಿತು:

"ಅವರು ಗುಡಿ ಕಟ್ಟಿ ಕರೆದರು, ಅಲ್ಲಿಗೂ ಹೋದೆ. ನೀನು ಹದಿನೇಳು ಮಳೆಗಾಲ ಮಾತಾಡಿದೆಯಲ್ಲ ಮಗಳೇ, ಕೇಳುತ್ತಿದ್ದವಳು ಯಾರೆಂದುಕೊಂಡೆ? ಗಂಟು ಬಿಚ್ಚಬೇಡ."

ಭಟ್ಟರು ಶಿಲೆಗೆ ಉದ್ದಂಡ ನಮಸ್ಕಾರ ಮಾಡಿದರು. ರುಕ್ಮಾಯಿ ಅವರೊಡನೆ ಹೋಗಲಿಲ್ಲ. ಹೊರಡುವ ಮುನ್ನ ಇನ್ನಷ್ಟು ಹೊತ್ತು ನಮ್ಮ ಮಾತಿನಲ್ಲಿ ಮಾತಾಡಿರೆಂದು ಮಾತ್ರ ಬೇಡಿಕೊಂಡಳು. ಅವರು ಆಂಬೇರೆಯ ಬಾವಿಗಳ ಹೆಸರು, ಬೀದಿಗಳ ಹೆಸರು, ತೀರಿಹೋದವರ ಹೆಸರುಗಳನ್ನು ಹೇಳುತ್ತ ಸೂರ್ಯಾಸ್ತದವರೆಗೆ ಕುಳಿತಿದ್ದು, ಎದ್ದು ಹೋದರು.

ಈ ಗಂಟು ಇಂದಿಗೂ ಅದೇ ಶಿಲೆಯ ಮೇಲಿದೆ. ವರ್ಷಕ್ಕೊಂದು ಹೊಸ ಪಟ್ಟೆಯನ್ನು ಹಳೆಯದರ ಮೇಲೆಯೇ ಸುತ್ತುವುದರಿಂದ ಅದೀಗ ಮಲಗಿದ ಕರುವಿನಷ್ಟು ಬೆಳೆದಿದೆ, ಬಿಚ್ಚಿ ನೋಡಿದವರಿಲ್ಲ. ಈ ಸನ್ನಿಧಿಯಲ್ಲಿ ಅರ್ಚಕರಿಲ್ಲ, ಮಂತ್ರವಿಲ್ಲ. ಯಾವ ಮತದವರಾದರೂ, ಎಷ್ಟು ಮಂದಿ ಕೂಡಿ ಬಂದರೂ, ಮೆಟ್ಟಿಲು ಹತ್ತಿ ಹೋಗುವವರು ಒಬ್ಬೊಬ್ಬರೇ. ತಮ್ಮ ತಮ್ಮ ತಾಯಿನುಡಿಯಲ್ಲಿ ಹೇಳುವುದನ್ನು ಹೇಳಿ ಮುಗಿಸುವವರೆಗೆ, ಉಳಿದವರು ಮಾತು ಕೇಳಿಸದಷ್ಟು ದೂರದಲ್ಲಿ, ಕೆಳಗೆ ಮರಳಿನ ಮೇಲೆ ಕಾದಿರುತ್ತಾರೆ.