ಕೊನೆಯವರೆಗೆ ತಂದ ನೀರು

“ಗುರುಗಳೇ, ಆಟವೆಲ್ಲ ಚೆನ್ನಾಗಿದ್ದು ಕೊನೆಯೊಂದು ಮಾತ್ರ ಸಪ್ಪೆಯಾಗುವುದು ಏಕೆ?” ಎಂದು ಪಂಪಾಪತಿ ಕೇಳಿದ.

ಗುರುಗಳು ಬಾಳೆಯ ನಾರು ಹೊಸೆದು ಹಗ್ಗ ಮಾಡುತ್ತಿದ್ದರು. ಕೈ ನಿಲ್ಲಿಸದೆ, “ಯಾವ ಆಟ?” ಎಂದರು.

“ವಿಡಿಯೊ ಗೇಮ್.”

“ನನಗೆ ಬರುವುದು ಚೌಕಾಬಾರ ಒಂದೇ. ಅದರಲ್ಲೂ ಅಡುಗೆಮನೆಯ ಸಿದ್ದಯ್ಯ ನನ್ನನ್ನು ಗೆಲ್ಲಲು ಬಿಡುವುದಿಲ್ಲ. ಬಿಡಿಸಿ ಹೇಳು.”

ಪಂಪಾಪತಿ ಚಿಕ್ಕಂದಿನಲ್ಲಿ ಗುರುಗಳ ಆ ಬೆಟ್ಟದ ಮಠದಲ್ಲಿಯೇ ಓದಿದವನು. ಈಗ ಪೇಟೆಯಲ್ಲಿ ಇಬ್ಬರು ಗೆಳೆಯರೊಡನೆ ವಿಡಿಯೊ ಗೇಮ್ ಮಾಡುತ್ತಿದ್ದ. ದಾರಿ ಕಾಣದಾಗ ಬೆಟ್ಟ ಹತ್ತಿ ಬರುತ್ತಿದ್ದ. ಈ ಸಲ ಬಂದವನು ಚೀಲವನ್ನೂ ಕೆಳಗಿಡದೆ ಕೇಳಿದ್ದ. ಈಗ ಇಟ್ಟು, ಕುಳಿತು, ಹೇಳಿದ.

ಅವನ ಆಟದಲ್ಲಿ ಒಬ್ಬ ಕುರಿ ಕಾಯುವ ಹುಡುಗಿ. ಬಿರುಗಾಳಿಗೆ ಮಂದೆ ಚದುರಿದೆ. ಅವಳ ಬಳಿ ಒಂದು ಮರಿ ಮಾತ್ರ ಉಳಿದಿದೆ. ಆಡುವವರ ಕೈಯಲ್ಲಿ ಒಂದು ಗುಂಡಿ. ಒತ್ತಿದರೆ ಹುಡುಗಿ ಸಿಳ್ಳೆ ಹಾಕುತ್ತಾಳೆ, ಮರಿ ಅವಳ ಬಳಿಗೆ ಬರುತ್ತದೆ. ಸಿಳ್ಳೆಯಿಂದಲೇ ಮರಿಯನ್ನು ಹಳ್ಳ ದಾಟಿಸಬೇಕು, ಬಂಡೆ ಹತ್ತಿಸಬೇಕು, ತೋಳದ ಕಣ್ಣು ತಪ್ಪಿಸಬೇಕು. ಕೊನೆಯ ಗುಡ್ಡ ಹತ್ತಿದರೆ ಮಂದೆ ಕಾಣುತ್ತದೆ. ಅಲ್ಲಿಂದ ಮುಂದೆ ಒಂದು ದೊಡ್ಡ ಚಿತ್ರ ತಾನಾಗಿಯೇ ಓಡುತ್ತದೆ. ಮರಿ ತಾಯಿಯ ಬಳಿಗೆ ಓಡುತ್ತದೆ, ಡೊಳ್ಳು ಮೊಳಗುತ್ತದೆ, ಊರಿಗೆ ಊರೇ ಹುಡುಗಿಯನ್ನು ಹೆಗಲ ಮೇಲೆ ಹೊತ್ತು ಕುಣಿಯುತ್ತದೆ. ಉಳಿದ ಆಟಕ್ಕೆ ಪಟ್ಟ ಶ್ರಮಕ್ಕಿಂತ ಆ ಚಿತ್ರಕ್ಕೆ ಪಟ್ಟ ಶ್ರಮ ಹೆಚ್ಚು.

ಮೊದಲು ಆಡಲು ಕೊಟ್ಟದ್ದು ಅಕ್ಕ ಶರಣಮ್ಮನಿಗೆ. ಅದಕ್ಕೆ ಕಾರಣವಿತ್ತು. ಚಿಕ್ಕಂದಿನಲ್ಲಿ ಅಕ್ಕ ತಮ್ಮ ಇಬ್ಬರೂ ಸೋದರಮಾವನ ಮನೆಯ ಟಿವಿಗೆ ಆಟದ ಯಂತ್ರ ಜೋಡಿಸಿ ಒಂದು ಆಟ ಆಡಿದ್ದರು. ಅದರಲ್ಲಿ ರಾಕ್ಷಸ ಸತ್ತ ಮೇಲೂ ಆಟ ಮುಗಿಯಲಿಲ್ಲ. ಬಂದ ದಾರಿಯಲ್ಲೇ ಮನೆಗೆ ನಡೆದು ಹೋಗಬೇಕಿತ್ತು. ಕತ್ತಿ ಎತ್ತಲು ಶತ್ರುಗಳಿರಲಿಲ್ಲ. ಹಿಂದೆ ಹೆದರಿ ಓಡಿದ ಕಾಡಿನಲ್ಲಿ ಈಗ ಮೆಲ್ಲಗೆ ನಡೆದರು. ಹಿಂದೆ ತಾವೇ ಕಟ್ಟಿದ ಸೇತುವೆಯನ್ನು ದಾಟಿದರು. ಮನೆಯ ಬಾಗಿಲನ್ನು ತಾವೇ ತಟ್ಟಿದರು. ಒಳಗಿನಿಂದ ಅಗುಳಿ ತೆಗೆಯುವ ಸದ್ದು ಕೇಳಿತು. ಅಲ್ಲಿಗೆ ಪರದೆ ಕಪ್ಪಾಯಿತು. ಅತ್ತೆ ಊಟಕ್ಕೆ ಕೂಗಿದರೂ ಇಬ್ಬರೂ ಏಳಲಿಲ್ಲ. ಅಂಥ ಒಂದು ಕೊನೆಯನ್ನು ತಾನೂ ಮಾಡಬೇಕೆಂದೇ ಪಂಪಾಪತಿ ಈ ಕೆಲಸಕ್ಕೆ ಬಂದದ್ದು. ಆ ಆಸೆ ಅಕ್ಕನೊಬ್ಬಳಿಗೇ ಗೊತ್ತಿತ್ತು.

ಅಕ್ಕ ಸಂಜೆ ಸಂಜೆ ಕೂತು ಆಡಿದಳು. ಮರಿಗೊಂದು ಹೆಸರಿಟ್ಟಳು. ಅದು ಹಳ್ಳಕ್ಕೆ ಜಾರಿದಾಗಲೆಲ್ಲ, “ಈ ಕಲ್ಲನ್ನ ಇಷ್ಟು ನುಣ್ಣಗೆ ಮಾಡು ಅಂತ ನಿನಗೆ ಯಾರು ಹೇಳಿದ್ರೋ?” ಎಂದು ತಮ್ಮನನ್ನು ಬೈದಳು. ಕೊನೆಯ ಗುಡ್ಡ ಹತ್ತಿದಳು. ಚಿತ್ರ ಓಡತೊಡಗಿತು. ಅವಳ ಕೈ ಮಾತ್ರ ಸುಮ್ಮನಿರಲಿಲ್ಲ. ಗುಂಡಿ ಒತ್ತುತ್ತಲೇ ಇದ್ದಳು. “ಇನ್ನು ನೀನೇನೂ ಮಾಡಬೇಕಾಗಿಲ್ಲ ಅಕ್ಕ, ಆರಾಮಾಗಿ ಕೂತು ನೋಡು” ಎಂದು ಪಂಪಾಪತಿ ಹೇಳಿದ. ಅವಳು ನೋಡಿದಳು. ಮುಗಿದ ಮೇಲೆ ಕೇಳಿದಳು:

“ಏನೋ ಪಂಪಾ, ಇಷ್ಟೇನಾ?”

“ಗುರುಗಳೇ, ಗೆಳೆಯರು ಚಿತ್ರ ಇನ್ನೂ ದೊಡ್ಡದಾಗಬೇಕು ಎನ್ನುತ್ತಾರೆ. ಮುಂದಿನ ತಿಂಗಳು ಆಟ ಜನರ ಕೈಗೆ ಹೋಗುತ್ತದೆ. ಅಕ್ಕ ಅಂದದ್ದನ್ನೇ ಜನವೂ ಅಂದರೆ ನಾನು ಈ ಕೆಲಸ ಬಿಟ್ಟುಬಿಡುತ್ತೇನೆ” ಎಂದ ಪಂಪಾಪತಿ.

ಗುರುಗಳು ಕೇಳಿದರು: “ಮರಿಗೆ ಏನು ಹೆಸರಿಟ್ಟಳು?”

“ಚುಕ್ಕಿ.”

ಗುರುಗಳು ತಲೆಯಾಡಿಸಿದರು. ಹಗ್ಗಕ್ಕೆ ಹೊಸ ಎಳೆ ಸೇರಿಸಿಕೊಂಡು ಒಂದು ಕತೆ ಹೇಳತೊಡಗಿದರು.

ಒಬ್ಬ ವರ್ತಕನಿದ್ದ. ವಯಸ್ಸಾದ ಮೇಲೆ ವ್ಯಾಪಾರ ಬಿಟ್ಟು ಒಂದು ತೋಟ ಮಾಡಿಸಿದ. ಹಣ್ಣಿನ ತೋಟವಲ್ಲ, ದಾರಿ ತಪ್ಪಿಸುವ ತೋಟ. ಆಳೆತ್ತರದ ಗೋರಂಟಿ ಬೇಲಿ, ಅದರ ನಡುವೆ ಕವಲೊಡೆಯುವ ಓಣಿಗಳು. ಬಾಗಿಲಲ್ಲಿ ಒಂದು ಬಾವಿ. ಒಳಗೆ ಹೋಗುವವರ ಕೈಗೆ ಒಂದು ತಂಬಿಗೆ ನೀರು ಕೊಡುತ್ತಿದ್ದರು. ಕವಲು ಬಂದಲ್ಲಿ ನೆಲಕ್ಕೆ ಒಂದಿಷ್ಟು ನೀರು ಸುರಿಯಬೇಕು. ಅದು ಹರಿದ ಕಡೆಯೇ ಸರಿಯಾದ ದಾರಿ. ಹೆಚ್ಚು ಸುರಿದರೆ ಮುಂದಿನ ಕವಲಿಗೆ ನೀರಿರುವುದಿಲ್ಲ. ತೀರ ಕಡಿಮೆ ಸುರಿದರೆ ಹರಿಯುವ ಮೊದಲೇ ಮಣ್ಣು ಕುಡಿದುಬಿಡುತ್ತದೆ. ಇದೊಂದೇ ನಿಯಮ.

ಜನ ಬಂದರು. ಊರ ಹಿರಿಯರು ಮಾನ ಮರ್ಯಾದೆ ಮರೆತು ಮಣ್ಣಿನ ಮೇಲೆ ಬೋರಲು ಮಲಗಿ ಇಳಿಜಾರು ನೋಡಿದರು. ಗಂಡ ಹೆಂಡತಿ ಕವಲಿನಲ್ಲಿ ನಿಂತು ಜಗಳವಾಡಿದರು. “ಮೆಲ್ಲಗೆ ಸುರೀರಿ ಅಂದೆ. ಕಾಲು ತೊಳೆಯೋಕೆ ಬಂದಿದ್ದೀರಾ?” ಎಂದು ಒಬ್ಬಳು ಗಂಡನನ್ನು ಗದರಿದ್ದು ಮೂರು ಓಣಿಗೆ ಕೇಳಿಸಿತು. ಬೇಲಿಯ ಆಚೆಯಿಂದ ಯಾರೋ, “ತೊಳೆಯಲಿ ಬಿಡಮ್ಮ, ಹಬ್ಬ ಬಂತು” ಎಂದರು. ಬೇಲಿಯ ಎರಡು ಕಡೆಯೂ ನಗು. ಅಂಥ ಆಟವನ್ನು ಆ ಸೀಮೆಯಲ್ಲಿ ಯಾರೂ ಕಂಡಿರಲಿಲ್ಲ.

ತೋಟದ ನಟ್ಟನಡುವೆ ವರ್ತಕ ಒಂದು ಮಂಟಪ ಕಟ್ಟಿಸಿದ್ದ. ಮನೆಗೆ ಬಂದವರ ಕೈಯ ಭಾರ ಇಳಿಸಿಕೊಳ್ಳುವುದು ನಮ್ಮಲ್ಲಿ ಮೊದಲ ಮರ್ಯಾದೆ. ವರ್ತಕ ಆ ಮರ್ಯಾದೆ ಬಲ್ಲವನು. ಮಂಟಪದ ಮೆಟ್ಟಿಲಲ್ಲಿ ಆಳನ್ನು ನಿಲ್ಲಿಸಿದ್ದ. ಆಳು ಬಂದವರ ತಂಬಿಗೆಯನ್ನು ಇಸಿದುಕೊಂಡು, “ಇನ್ನು ನೀವೇನೂ ಮಾಡಬೇಕಾಗಿಲ್ಲ, ಕೂತುಕೊಳ್ಳಿ” ಎನ್ನುತ್ತಿದ್ದ. ಹಾರ ಬರುತ್ತಿತ್ತು, ಹೋಳಿಗೆ ಬರುತ್ತಿತ್ತು, ಓಲಗದವರು ಊದುತ್ತಿದ್ದರು. ಬಂದವರು ಕೂರುತ್ತಿದ್ದರು. ತಿನ್ನುತ್ತಿದ್ದರು. ಸುತ್ತ ನೋಡುತ್ತಿದ್ದರು. ಆಮೇಲೆ ಪಕ್ಕದವರ ಕಿವಿಯಲ್ಲಿ ಕೇಳುತ್ತಿದ್ದರು: “ಇಷ್ಟೇನಾ?”

ಆ ಮಾತು ವರ್ತಕನ ಕಿವಿಗೂ ಬಿತ್ತು. ಅವನಿಗೆ ಮಕ್ಕಳಿರಲಿಲ್ಲ. ತಾನು ಹೋದ ಮೇಲೆ ಉಳಿಯುವುದು ಈ ತೋಟವೊಂದೇ ಎಂದುಕೊಂಡಿದ್ದ. ಮಂಟಪವನ್ನು ದೊಡ್ಡದು ಮಾಡಿಸಿದ. ಓಲಗದವರನ್ನು ಹೆಚ್ಚಿಸಿದ. “ಇಷ್ಟೇನಾ” ಇನ್ನೂ ಜೋರಾಗಿ ಕೇಳಿಸಿತು. ಆಮೇಲೆ ಮಂಟಪಕ್ಕೆ ಮೂರು ಬಾಗಿಲು ಇಡಿಸಿ, ಬೇಕಾದದ್ದನ್ನು ಆರಿಸಿಕೊಳ್ಳಿ ಎಂದ. ಒಂದರಲ್ಲಿ ಹೋದವರು ಉಳಿದೆರಡರಲ್ಲಿ ಏನಿತ್ತೋ ಎಂದು ಕೊರಗುತ್ತ ಮನೆಗೆ ಹೋದರು. ‘ದಾರಿ ಜೇನು, ಕೊನೆ ಬೇವು’ ಎಂಬುದು ಊರಿನ ಗಾದೆಯಾಯಿತು. ಬರುವವರು ಕಡಿಮೆಯಾದರು.

ಒಂದು ದಿನ ಮೆಟ್ಟಿಲಿನ ಆಳು ಬಂದಿರಲಿಲ್ಲ. ವರ್ತಕನೇ ಅಲ್ಲಿ ನಿಂತ. ಒಬ್ಬ ಮುದುಕಿ ಓಣಿಯಿಂದ ಹೊರಬಂದಳು. ಸೀರೆಯ ಅಂಚಿಗೆಲ್ಲ ಕೆಸರು. ತಂಬಿಗೆಯನ್ನು ಎದೆಗೆ ಒತ್ತಿ ಹಿಡಿದಿದ್ದಳು. ವರ್ತಕ ಕೈ ಚಾಚಿದ.

“ಕೊಡಿ ತಾಯಿ, ಭಾರ.”

“ಭಾರ ಅಂತ ನಾನು ಅಂದೆನಾ?”

“ಇನ್ನು ನೀವೇನೂ ಮಾಡಬೇಕಾಗಿಲ್ಲ. ಬನ್ನಿ, ಕೂತುಕೊಳ್ಳಿ.”

“ಕೂರೋದಾದ್ರೆ ಮನೆಯಲ್ಲೇ ಕೂರ್ತಿದ್ದೆನಪ್ಪ. ಅಲ್ಲಿಂದ ಇಲ್ಲಿತನಕ ಉಳಿಸಿಕೊಂಡು ತಂದಿದ್ದೀನಿ. ಇದನ್ನ ಎಲ್ಲಿ ಹಾಕಲಿ, ಅದು ಹೇಳು.”

ವರ್ತಕ ಸುತ್ತ ನೋಡಿದ. ಮಂಟಪದ ತುಂಬ ನುಣುಪಾದ ಕಲ್ಲು. ಮುದುಕಿ ತಂಬಿಗೆಯನ್ನು ಮೆಟ್ಟಿಲಿನ ಈಚೆ ಮಣ್ಣಿನ ಮೇಲೆ ಬಗ್ಗಿಸಿದಳು. ನೀರು ಎಳೆಯಾಗಿ ಮಂಟಪದ ಕಡೆಗೆ ಹರಿಯಿತು. ಅಡಿಗಲ್ಲಿಗೆ ತಗುಲಿ ನಿಂತಿತು. ಒಳಗೆ ಹೋಗಲು ಅದಕ್ಕೆ ದಾರಿಯಿರಲಿಲ್ಲ.

ಮುದುಕಿ ಹೋಳಿಗೆ ಮುಟ್ಟದೆ ಹೊರಟುಹೋದಳು. ವರ್ತಕ ಆ ನೀರು ಇಂಗುವವರೆಗೂ ನೋಡುತ್ತ ನಿಂತ. ಪ್ರತಿಯೊಂದು ಓಣಿಯ ಇಳಿಜಾರನ್ನೂ ಅವನೇ ಮುಂದೆ ನಿಂತು ಮಾಡಿಸಿದ್ದ. ಎಲ್ಲ ನೀರೂ ನಡುವಿನ ಕಡೆಗೇ ಬರುವಂತೆ ಮಾಡಿಸಿ, ಬರುವ ಜಾಗಕ್ಕೆ ಕಲ್ಲು ಹಾಸಿದ್ದ.

ಮಾರನೆಯ ದಿನ ಮಂಟಪ ಕೆಡವಿಸಿದ. ಆ ಜಾಗದಲ್ಲಿ ಒಂದು ಹೊಂಗೆಯ ಸಸಿ ನೆಟ್ಟ. ಆಳುಗಳನ್ನು ತೆಗೆದ, ಓಲಗ ತೆಗೆದ. ಒಂದು ಫಲಕವನ್ನೂ ಹಾಕಲಿಲ್ಲ.

ತೋಟ ನೋಡಿಕೊಳ್ಳುವ ಪಾರುಪತ್ತೇಗಾರ ತಲೆ ಕೆರೆದುಕೊಂಡ. “ಯಜಮಾನರೇ, ಅಷ್ಟು ಸುತ್ತಿ ಬಂದವರಿಗೆ ಒಂದು ಗಿಡಾನಾ? ಬೈತಾರೆ.”

“ಬೈಯಲಿ” ಎಂದು ವರ್ತಕ ಬೇಲಿಯ ಹಿಂದೆ ಹೋಗಿ ನಿಂತ.

ಮೊದಲು ಬಂದದ್ದು ಹಿಂದೆ ಜಗಳವಾಡಿದ್ದ ಆ ಗಂಡ ಹೆಂಡತಿಯೇ. ತೋಟ ಬದಲಾಗಿದೆಯಂತೆ ಎಂದು ಯಾರೋ ಹೇಳಿದ್ದನ್ನು ಕೇಳಿ ಬಂದಿದ್ದರು. ಉದ್ದಕ್ಕೂ ಜಗಳವಾಡುತ್ತಲೇ ಬಂದರು. ನಡುವಿಗೆ ಬಂದು ನಿಂತರು. ಅಲ್ಲಿ ಯಾರೂ ಇರಲಿಲ್ಲ. ಒಣಮಣ್ಣು, ಎರಡು ಎಲೆ ಬಾಡಿದ ಸಸಿ. ಗಂಡ ಸಸಿಯನ್ನು ನೋಡಿದ. ತಂಬಿಗೆಯನ್ನು ನೋಡಿದ. ಏನು ಮಾಡಬೇಕೆಂದು ಯಾರೂ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಅವನು ಬಗ್ಗಿದ. ಹೆಂಡತಿ ಅವನ ಮೊಣಕೈ ಹಿಡಿದಳು.

“ಮೆಲ್ಲಗೆ ಸುರೀರಿ” ಎಂದಳು. ಈ ಸಲ ಅದು ಪಕ್ಕದ ಓಣಿಗೂ ಕೇಳಿಸಲಿಲ್ಲ.

ಆಮೇಲೆ ಒಬ್ಬ ಯುವಕ ಓಡುತ್ತ ಬಂದ. ಎಲ್ಲರಿಗಿಂತ ಬೇಗ ಮುಟ್ಟಬೇಕೆಂದು ಕವಲು ಕವಲಿಗೂ ಧಾರಾಳವಾಗಿ ಸುರಿದು ಬಂದಿದ್ದ. ಗೆದ್ದೆ ಎಂದು ಕೂಗಲು ಬಾಯಿ ತೆರೆದವನು ಸಸಿಯನ್ನು ಕಂಡ. ತಂಬಿಗೆ ಬೋರಲು ಹಾಕಿದ. ಒಂದು ಹನಿ ಬಿತ್ತು. ಅವನು ತಂಬಿಗೆಯ ತಳ ತಟ್ಟಿ ನೋಡಿದ. ಬೇಲಿಯ ಹಿಂದೆ ಪಾರುಪತ್ತೇಗಾರ ಮರುಗಿ, “ಒಂದು ಚೊಂಬು ನೀರು ತಂದುಕೊಡಲೇ?” ಎಂದು ವರ್ತಕನಿಗೆ ಪಿಸುಗುಟ್ಟಿದ.

“ಬೇಡ. ಮಂಟಪ ಕಟ್ಟಿ ನಾನು ಮಾಡಿದ್ದು ಅದನ್ನೇ” ಎಂದ ವರ್ತಕ.

ಯುವಕ ತಿರುಗಿ, ಬಂದ ಓಣಿಯಲ್ಲೇ ಹೊರಟುಹೋದ. ಸಿಟ್ಟಾಗಿ ಹೋದ ಎಂದು ಇಬ್ಬರೂ ಅಂದುಕೊಂಡರು. ಹೊತ್ತು ಇಳಿಯುವ ವೇಳೆಗೆ ಅವನು ಮತ್ತೆ ಬಂದ. ಬಾಗಿಲಿನ ಬಾವಿಯವರೆಗೂ ಹೋಗಿ ನೀರು ತುಂಬಿಸಿಕೊಂಡು, ಈ ಸಲ ನಡೆದುಕೊಂಡು ಬಂದಿದ್ದ. ತಂಬಿಗೆಯ ಬಾಯಿಗೆ ಅಂಗೈ ಮುಚ್ಚಿಕೊಂಡಿದ್ದ. ಸಸಿಯ ಬುಡಕ್ಕೆ ಸುರಿದು, ಅದು ಇಂಗುವುದನ್ನು ಕುಕ್ಕರಗಾಲಲ್ಲಿ ಕೂತು ನೋಡಿದ. ಇಷ್ಟೇನಾ ಎನ್ನಲಿಲ್ಲ. ಗೆದ್ದೆ ಎಂದೂ ಕೂಗಲಿಲ್ಲ.

ಸಸಿ ಮರವಾಯಿತು, ಬೇಲಿಗಿಂತ ಎತ್ತರವಾಯಿತು. ಆಚೆಯ ರಸ್ತೆಯಲ್ಲಿ ಹೋಗುವವರು ಗಾಡಿ ನಿಲ್ಲಿಸಿ, “ಅಗೋ, ಅದಕ್ಕೆ ನಾನು ನೀರು ಹಾಕಿದ್ದೀನಿ” ಎಂದು ಮಕ್ಕಳಿಗೆ ತೋರಿಸುತ್ತಿದ್ದರು. ಅದನ್ನು ನೆಟ್ಟವನ ಹೆಸರು ಯಾರಿಗೂ ನೆನಪಿರಲಿಲ್ಲ. ಈಗ ತೀರ ಮುದುಕನಾಗಿದ್ದ ವರ್ತಕ ಬೇಲಿಯ ಹಿಂದೆ ಕೂತು ಆ ಮಾತು ಕೇಳಿಸಿಕೊಳ್ಳುತ್ತಿದ್ದ. ಅವನಿಗೆ ಅಷ್ಟು ಸಾಕಾಯಿತು.

ಗುರುಗಳು ನಿಲ್ಲಿಸಿದರು. ಹಗ್ಗ ಮುಗಿಯುತ್ತ ಬಂದಿತ್ತು.

ಪಂಪಾಪತಿಗೆ ಕತೆ ಹಿಡಿಸಿತು. ಆ ತೋಟದಲ್ಲಿ ತಾನೂ ನಡೆದು ಬಂದಂತಾಗಿತ್ತು. ಮಾವನ ಮನೆಯಲ್ಲಿ ಆಡಿದ ಆಟದ ಆ ಕೊನೆಯ ಬಾಗಿಲೂ ನೆನಪಾಯಿತು. ಆದರೆ ತನ್ನ ಮಂಟಪವನ್ನು ಕೆಡವಲು ಅವನಿಗೆ ಮನಸ್ಸು ಬರಲಿಲ್ಲ.

“ಹಾಗಾದರೆ ನಾನೂ ಕೊನೆಗೊಂದು ಸಸಿ ಇಡಲೇ?” ಎಂದ.

“ಕುರಿ ಮೇಯಿಸುವ ಆಟದಲ್ಲೇ? ಇಡು. ನಿನ್ನ ಮಂದೆ ತಿಂದು ಮುಗಿಸುತ್ತದೆ.”

ಪಂಪಾಪತಿ ನಕ್ಕ. ನಗು ನಿಂತ ಮೇಲೆ ಮತ್ತೆ ಹಳೆಯ ನೋವು ಬಂತು. “ಚಿತ್ರ ನಿಜವಾಗಿಯೂ ಚೆನ್ನಾಗಿದೆ ಗುರುಗಳೇ. ಅಕ್ಕ ಅದನ್ನು ಸರಿಯಾಗಿ ನೋಡಲೇ ಇಲ್ಲ. ಮರಿ ಅತ್ತ ತಾಯಿಯ ಕಡೆಗೆ ಓಡುತ್ತಿದೆ, ಇವಳು ಇತ್ತ ಸುಮ್ಮನೆ ಗುಂಡಿ ಒತ್ತುತ್ತ ಕೂತಿದ್ದಾಳೆ.”

ಗುರುಗಳು ಹಗ್ಗದ ತುದಿಗೆ ಗಂಟು ಹಾಕಿ, ಅದನ್ನು ಅವನ ಕೈಗಿತ್ತು ಹೇಳಿದರು:

“ಅವಳು ಗುಂಡಿ ಒತ್ತುತ್ತಿರಲಿಲ್ಲ ಪಂಪಾಪತಿ, ಚುಕ್ಕಿಯನ್ನು ಕರೆಯುತ್ತಿದ್ದಳು.”